ಮಡಿಕೇರಿಯ ತಿಮ್ಮಯ್ಯ ಮ್ಯೂಸಿಯಂ: ಶಾಲೆ ಇರುವ ದಿನ ಹೋಗಿ

ಮಡಿಕೇರಿಗೆ ಹೋದವರು ರಾಜಾಸೀಟು, ಅಬ್ಬಿ ಜಲಪಾತ, ಒಂದು ಕಿಲೋ ಕಾಫಿಪುಡಿ ಇಷ್ಟು ಮುಗಿಸಿ ವಾಪಸ್ ಬರುತ್ತಾರೆ. ಊರೊಳಗೇ ಇರುವ ‘ಸನ್ನಿ ಸೈಡ್’ ಕಡೆ ತಲೆ ಹಾಕುವವರು ಕಡಿಮೆ. ಜನರಲ್ ತಿಮ್ಮಯ್ಯನವರು ಚಿಕ್ಕವರಿದ್ದಾಗ ಓಡಾಡಿದ ಮನೆ ಅದು. ಆಮೇಲೆ ಬಹಳ ಕಾಲ ಆರ್‌ಟಿಒ ಕಚೇರಿಯಾಗಿತ್ತು. ಸೇನೆಯ ಮುಖ್ಯಸ್ಥರಾಗಿದ್ದವರ ಮನೆಯಲ್ಲಿ ಡಿಎಲ್ ಮಾಡಿಸೋ ಕ್ಯೂ! 2021ರ ಫೆಬ್ರುವರಿಯಲ್ಲಿ ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಅದನ್ನು ಮ್ಯೂಸಿಯಂ ಆಗಿ ಉದ್ಘಾಟಿಸಿದರು. ನಾನು ಐದಕ್ಕೆ ನಾಲ್ಕೂವರೆ ಸ್ಟಾರ್ ಕೊಡುತ್ತೇನೆ.

ನಮ್ಮ ಯಜಮಾನರು ಮಿಲ್ಟ್ರಿಯಲ್ಲಿ ಟ್ಯಾಂಕ್ ರಿಪೇರಿ ಮಾಡುತ್ತಿದ್ದವರು. ಇಎಂಇ, ಅಂದರೆ ಸೇನೆಯ ಯಂತ್ರ ರಿಪೇರಿ ವಿಭಾಗ. ಹವಾಲ್ದಾರ್ ಆಗಿ ರಿಟೈರಾದರು. ಈಗ ಮೈಸೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ ಸೂಪರ್‌ವೈಸರ್. ಸಂಕ್ರಾಂತಿ ಕಳೆದ ವಾರ ಅವರಿಗೆ ಒಂದು ಬದಲಿ ರಜೆ ಸಿಕ್ಕಿತು. ಮಗಳನ್ನೂ ಕರೆದುಕೊಂಡು ಬೆಳಗಿನ ಬಸ್ಸು ಹಿಡಿದೆವು.

ದಾರಿಯುದ್ದಕ್ಕೂ ಅಪ್ಪ-ಮಗಳ ವಾದ. ಮಾಜಿ ಸೈನಿಕರ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜು ಓಡಾಡುತ್ತಿತ್ತು: ಜನವರಿ 14, ಮಾಜಿ ಸೈನಿಕರ ದಿನ, ಅವತ್ತು ಸರಕಾರಿ ರಜೆ ಕೊಡಬೇಕು. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರು 1953ರ ಜನವರಿ 14ರಂದು ನಿವೃತ್ತರಾದರು, ಆ ನೆನಪಿಗೆ ಈ ದಿನ. ಮಗಳಿಗೆ ರಜೆ ಅಂದರೆ ಯಾವುದಾದರೂ ಸರಿ. ಇವರು ಮಾತ್ರ, ‘2025ರಲ್ಲಿ ಜನವರಿ 14 ಸಂಕ್ರಾಂತಿ ರಜೇನೇ ಇತ್ತಲ್ಲಮ್ಮ, ಅವತ್ತು ನಿನಗೆ ನಾನು ನೆನಪಾದ್ನಾ, ಎಳ್ಳು ಬೆಲ್ಲ ನೆನಪಾಯ್ತಾ?’ ಅಂದರು. ಅವಳು ಇಯರ್‌ಫೋನ್ ಹಾಕಿಕೊಂಡಳು.

ಇರಲಿ, ಮ್ಯೂಸಿಯಂಗೆ ಬರೋಣ. ಕಾಂಪೌಂಡಿನಲ್ಲಿ ಯುದ್ಧ ಸ್ಮಾರಕ ಇದೆ, ಒಂದು ಮಿಗ್ ವಿಮಾನ, ಒಂದು ಟ್ಯಾಂಕ್. ಒಳಗೆ ತಿಮ್ಮಯ್ಯನವರ ಜೀವನವನ್ನು ಕೋಣೆ ಕೋಣೆಯಾಗಿ ಹೇಳಿದ್ದಾರೆ. ಫೋಟೋ, ಸಮವಸ್ತ್ರ, ಆಯುಧಗಳು. ಹಳೇ ಮನೆಯಾದ್ದರಿಂದ ನಡೆಯುವಾಗ ಯಾರದೋ ಮನೆಗೆ ನೆಂಟರಾಗಿ ಬಂದ ಹಾಗೆ ಅನ್ನಿಸುತ್ತದೆ. ಅದು ನನಗೆ ಇಷ್ಟವಾಯಿತು.

ನಮ್ಮವರು ಒಳಗೇ ಬರಲಿಲ್ಲ. ಟ್ಯಾಂಕ್ ಹತ್ತಿರ ನಿಂತುಬಿಟ್ಟರು. ಚಪ್ಪಲಿ ಬಿಟ್ಟು ಮಂಡಿಯೂರಿ ಚೈನಿನ ಪಿನ್ನುಗಳನ್ನು ಒಂದೊಂದಾಗಿ ಬೆರಳಲ್ಲಿ ಒತ್ತಿ ನೋಡುತ್ತಾ ಕೂತರು. ಅಷ್ಟರಲ್ಲಿ ಒಂದು ಸರಕಾರಿ ಶಾಲೆಯ ಮಕ್ಕಳು ಬಂದರು, ಮುಂದಿನವರ ಭುಜದ ಮೇಲೆ ಕೈಯಿಟ್ಟು ಸಾಲಾಗಿ. ‘ಅಂಕಲ್, ಇದು ನಿಮ್ದಾ?’ ಅಂತ ಒಬ್ಬ ಹುಡುಗ ಕೇಳಿದ. ಅಷ್ಟು ಸಾಕಾಯಿತು. ‘ಚಕ್ರ ಎಣಿಸು’ ಅಂದರು. ಐದು. ‘ಮೊದಲನೇದಕ್ಕೂ ಎರಡನೇದಕ್ಕೂ ಮಧ್ಯ ಸಂದು ಜಾಸ್ತಿ ಇದೆ ನೋಡು. ಹಾಗಿದ್ರೆ ಅದು ಟಿ-55. ನಾನು ರಿಪೇರಿ ಮಾಡ್ತಿದ್ದದ್ದು ಟಿ-72, ಅದಕ್ಕೆ ಆರು.’ ಉತ್ತರ ಪ್ರದೇಶದ ಬಬೀನಾ ದಂಡಿನ ಬಿಸಿಲಲ್ಲಿ ಕಬ್ಬಿಣ ಮುಟ್ಟಿದರೆ ಕೈ ಸುಡುತ್ತಿತ್ತು, ಅದಕ್ಕೇ ಬೆಳಗಿನ ಜಾವ ಕೆಲಸ ಶುರು ಮಾಡುತ್ತಿದ್ದೆವು ಅಂತಲೂ ಹೇಳಿದರು. ಮದುವೆಯಾಗಿ ಇಷ್ಟು ವರ್ಷ ಆಯಿತು, ಚಕ್ರದ ವಿಷಯ ನನಗೆ ಒಂದು ದಿನವೂ ಹೇಳಿಲ್ಲ ಈ ಮನುಷ್ಯ!

ಟೀಚರಮ್ಮ ಜಾಣೆ. ‘ಸರ್, ಒಳಗೂ ನೀವೇ ಹೇಳಿ’ ಅಂತ ಕರೆದುಕೊಂಡು ಹೋದರು. ಜೋಜಿಲಾ ಕಥೆ ಬಂತು. 1948, ಕಾಶ್ಮೀರ. ಲಡಾಖಿಗೆ ಹೋಗುವ ಕಣಿವೆ ಶತ್ರುಗಳ ಕೈಯಲ್ಲಿತ್ತು, ಸುಮಾರು 11,500 ಅಡಿ ಎತ್ತರದಲ್ಲಿ. ಅಷ್ಟು ಮೇಲೆ ಟ್ಯಾಂಕ್ ಬರುತ್ತದೆ ಅಂತ ಯಾರೂ ಎಣಿಸಿರಲಿಲ್ಲ. ಸ್ಟುವರ್ಟ್ ಟ್ಯಾಂಕುಗಳ ಮೇಲಿನ ಗೋಪುರ ಬಿಚ್ಚಿ, ಯಾರಿಗೂ ಗೊತ್ತಾಗದ ಹಾಗೆ ಸಾಗಿಸಿದರು. ನವೆಂಬರ್ 1ರಂದು ಹಿಮದ ನಡುವೆ ದಾಳಿ. ಮುಂಚೂಣಿಯ ಟ್ಯಾಂಕಿನಲ್ಲಿ ಸ್ವತಃ ತಿಮ್ಮಯ್ಯನವರೇ ಕೂತಿದ್ದರು. ‘ಗೋಪುರ ಬಿಚ್ಚಿ ಮತ್ತೆ ಜೋಡಿಸಿದವರು ಯಾರು ಹೇಳಿ?’ ಅಂತ ನಮ್ಮವರು ಕೇಳಿದರು. ಮಕ್ಕಳು ಒಕ್ಕೊರಲಿನಿಂದ ‘ಮೆಕ್ಯಾನಿಕ್!’ ಅಂದವು. ಮೀಸೆಯಲ್ಲೇ ನಕ್ಕರು.

ನನ್ನ ಮನಸ್ಸು ಮಾತ್ರ ತಿಮ್ಮಯ್ಯನವರ ಹೆಂಡತಿಯ ಮೇಲಿತ್ತು. ನೀನಾ ತಿಮ್ಮಯ್ಯ. ಮದುವೆಯಾದ ವರ್ಷ, 1935ರಲ್ಲೇ, ಈಗ ಪಾಕಿಸ್ತಾನದಲ್ಲಿರುವ ಕ್ವೆಟ್ಟಾದಲ್ಲಿ ಭೂಕಂಪ. ಅಲ್ಲಿ ಜನರ ಸೇವೆ ಮಾಡಿದ್ದಕ್ಕೆ ಆಕೆಗೆ ಬ್ರಿಟಿಷ್ ಸರಕಾರದ ಕೈಸರ್-ಇ-ಹಿಂದ್ ಪದಕ ಬಂತು. 1965ರ ಡಿಸೆಂಬರಿನಲ್ಲಿ ಗಂಡ ದೂರದ ಸೈಪ್ರಸ್ಸಿನಲ್ಲಿ, ವಿಶ್ವಸಂಸ್ಥೆಯ ಶಾಂತಿಪಡೆಯ ಮುಖ್ಯಸ್ಥರಾಗಿದ್ದಾಗಲೇ ತೀರಿಕೊಂಡರು. ಸೈಪ್ರಸ್ ಅವರ ನೆನಪಿಗೆ ಅಂಚೆಚೀಟಿ ತಂದಿತು. ಇದು ಜನರಲ್ ಮನೆ, ಜನರಲ್ ಕಥೆ ಇರೋದು ಸರಿ. ಮನೆಯಲ್ಲಿ ಫೋನಿನ ಪಕ್ಕ ಕೂತು ಕಾಯುವ ಹೆಂಗಸರ ಬಗ್ಗೆಯೂ ಯಾರಾದರೂ ಎಲ್ಲಾದರೂ ಒಂದು ಕೋಣೆ ಕಟ್ಟಿದರೆ ನಾನು ಟಿಕೆಟ್ ತೆಗೆದುಕೊಂಡು ಹೋಗುತ್ತೇನೆ. ಕಡಿಮೆ ಮಾಡಿದ ಅರ್ಧ ಸ್ಟಾರ್ ಬರೀ ನನ್ನ ಆಸೆಯ ಲೆಕ್ಕ, ಮ್ಯೂಸಿಯಮ್ಮಿನ ತಪ್ಪಲ್ಲ.

ಈಗ ಜನವರಿ 14ರ ರಜೆ ವಿಷಯ. ನನ್ನ ಓಟು ಬೇಡ ಅಂತಲೇ.

ಜನವರಿ 26ರಂದು ನಮ್ಮವರ ಅಪಾರ್ಟ್‌ಮೆಂಟಿನಲ್ಲಿ ಏನಾಗುತ್ತದೆ ಹೇಳುತ್ತೇನೆ. ಅಸೋಸಿಯೇಷನ್‌ನವರು ‘ಮೆಡಲ್ ಹಾಕ್ಕೊಂಡು ಬನ್ನಿ’ ಅನ್ನುತ್ತಾರೆ. ನಾನು ಹಿಂದಿನ ರಾತ್ರಿ ಬ್ಲೇಜರ್ ಇಸ್ತ್ರಿ ಮಾಡುತ್ತೇನೆ. ಬಾವುಟ ಹಾರುತ್ತದೆ, ಶಾಲು ಹೊದಿಸುತ್ತಾರೆ, ಚಪ್ಪಾಳೆ, ಜಿಲೇಬಿ. ಒಂಬತ್ತೂವರೆಗೆ ಅದೇ ಮನುಷ್ಯ ಮೆಡಲ್ ಬಿಚ್ಚಿ ಜೇಬಿಗೆ ಹಾಕಿಕೊಂಡು ಗೇಟಿನಲ್ಲಿ ರಿಜಿಸ್ಟರ್ ಹಿಡಿದು ನಿಂತಿರುತ್ತಾರೆ. ರಜೆ ಅಂದರೆ ನೆಂಟರ ಕಾರು ಜಾಸ್ತಿ, ಊಟದ ಡೆಲಿವರಿ ಜಾಸ್ತಿ. ಅಂಥ ದಿನ ದುಡಿಸಿಕೊಂಡರೆ ಡಬಲ್ ಸಂಬಳ ಇಲ್ಲವೇ ಬದಲಿ ರಜೆ ಅಂತ ಕರ್ನಾಟಕದಲ್ಲಿ 1963ರಿಂದಲೂ ಕಾನೂನಿದೆ. ಬದಲಿ ರಜೆಯನ್ನು ಕೇಳಿ ಕೇಳಿ ಪಡೆಯಬೇಕು, ಅಷ್ಟೇ. ಬ್ಯಾಂಕು, ಎಟಿಎಂ, ಆಸ್ಪತ್ರೆ ಬಾಗಿಲು ಎಲ್ಲಿ ನೋಡಿದರೂ ನಿಂತಿರುವವರಲ್ಲಿ ಮಾಜಿ ಸೈನಿಕರು ಎಷ್ಟೋ ಜನ. ಅವರ ಹೆಸರಿನ ರಜೆಯಲ್ಲಿ ಅವರನ್ನು ಬಿಟ್ಟು ಉಳಿದವರೆಲ್ಲ ಮಲಗಿರುತ್ತಾರೆ. ಮೇಲಿಂದ ಅವತ್ತು ಮಾಜಿ ಸೈನಿಕರ ಆಸ್ಪತ್ರೆ, ಇಸಿಎಚ್‌ಎಸ್ ಪಾಲಿಕ್ಲಿನಿಕ್ಕೂ ಬಾಗಿಲು ಹಾಕಿರುತ್ತದೆ. ಬಿಪಿ ಮಾತ್ರೆಗೆ ನಾಳೆ ಬನ್ನಿ.

ನಮ್ಮಕ್ಕನ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ನವೆಂಬರ್ 11 ಮಾಜಿ ಸೈನಿಕರಿಗಾಗಿಯೇ ಇರುವ ಸರಕಾರಿ ರಜೆ. ಅವನ ಕಂಪನಿಗೆ ರಜೆ ಇಲ್ಲ, ಅಂಗಡಿಗಳಲ್ಲಿ ಸೇಲು ಮಾತ್ರ ಜೋರು ಅಂತಾನೆ. ಕೊಡಗಿನಲ್ಲಿ ಕೈಲ್‌ಪೊಳ್ದ್‌ಗೆ ಜಿಲ್ಲೆಗೆ ಮಾತ್ರ ರಜೆ ಇದೆ, ಅದು ಬೇರೆ ಮಾತು. ಮನೆಮನೆಯಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಹಬ್ಬ, ಮನೆಯಲ್ಲಿ ಕೆಲಸ ಇದೆ, ರಜೆ ಬೇಕೇ ಬೇಕು. ನಮ್ಮ ಕಡೆ ಜನವರಿ 14ಕ್ಕೆ ರಜೆ ಕೊಟ್ಟರೆ ಬೆಂಗಳೂರಿನ ಅರ್ಧ ಕಾರುಗಳು ಇದೇ ಮಡಿಕೇರಿಯ ಹೋಂಸ್ಟೇಗೆ ಬರುತ್ತವೆ, ಮ್ಯೂಸಿಯಂ ಗೇಟು ದಾಟಿಕೊಂಡೇ.

ಅವತ್ತು ಶಾಲೆ ತೆರೆದಿರಲಿ. ಒಬ್ಬ ಹವಾಲ್ದಾರನನ್ನು ಕರೆಸಿ ಒಂದು ಪೀರಿಯಡ್ ಕೊಡಿ. ಸಂಕ್ರಾಂತಿ ಅದೇ ದಿನ ಬಿದ್ದರೆ ಮಾರನೇ ದಿನ, 15, ಸೇನಾ ದಿನ ಇದ್ದೇ ಇದೆಯಲ್ಲ. ಕಾರ್ಯಪ್ಪನವರು 1949ರಲ್ಲಿ ಸೇನೆಯ ಮೊದಲ ಭಾರತೀಯ ದಂಡನಾಯಕರಾದದ್ದು ಅವತ್ತು. ಸೆಕ್ಯೂರಿಟಿ ಏಜೆನ್ಸಿಗಳು ಆ ದಿನ ಮಾಜಿ ಸೈನಿಕರಿಗಷ್ಟೇ ಸಂಬಳ ಸಮೇತ ರಜೆ ಕೊಡಲಿ. ಗೇಟಿನಲ್ಲಿ ಸೆಕ್ರೆಟರಿ ನಿಲ್ಲಲಿ ಒಂದಿನ!

ಹೋಗುವವರಿಗೆ: ಶನಿವಾರ, ಭಾನುವಾರ ಬೇಡ, ಮಡಿಕೇರಿಯಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ಬೆಳಗ್ಗೆ ಬೇಗ ಹೋದರೆ ಶಾಲೆ ಮಕ್ಕಳು ಸಿಗಬಹುದು, ಅವರ ಹಿಂದೆ ಹಿಂದೆ ನಡೆಯಿರಿ, ಪ್ರಶ್ನೆಗಳು ಚೆನ್ನಾಗಿರುತ್ತವೆ. ಮಿಲ್ಟ್ರಿಯಲ್ಲಿದ್ದವರು ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇದ್ದರೆ ಜೊತೆಗೆ ಕರೆದುಕೊಂಡು ಹೋಗಿ. ವಾಪಸ್ ಹೊರಡಿಸುವುದು ಕಷ್ಟ, ನಮಗೆ ಮೂರು ಗಂಟೆಯ ಬಸ್ಸು ತಪ್ಪಿತು.