ಮಳೆಗಾಲದಲ್ಲಿ ತಂಬೂರಿ ರಿಪೇರಿ: ಧಾರವಾಡದ ಒಂದು ಪುಟ್ಟ ಅಂಗಡಿ

ಲೈನ್ ಬಜಾರಿನ ಹಿಂದಿನ ಓಣಿಯಲ್ಲಿದೆ ಈ ಅಂಗಡಿ. ಬೋರ್ಡ್ ಇಲ್ಲ. ಬಾಗಿಲಲ್ಲಿ ತೂಗುಹಾಕಿದ ಒಣ ಸೋರೆ ಬುರುಡೆಗಳೇ ಗುರುತು.

ಜುಲೈನ ಜಿಟಿಜಿಟಿ ಮಳೆಗೆ ನನ್ನ ಮಿರಜ್ ತಂಬೂರಿಯ ತಂತಿ ಬಿಗಿಯುವ ಬಿರಡೆಗಳು ಉಬ್ಬಿ ಬಿಗಿದಿದ್ದವು. ನಾದವೂ ಮಂಕಾಗಿತ್ತು. ತೋರಿಸಿದರೆ ಅಂಗಡಿಯ ಅಜ್ಜಾರು ಕೈ ಹಚ್ಚಲೇ ಇಲ್ಲ. "ಈಗ ಬ್ಯಾಡ್ರಿ ಅಕ್ಕಾರ. ಕಟಗಿ ನೀರ ಕುಡದೈತಿ. ನಾಕ ದಿನ ಬಿಸಲ ಬೀಳ್ಲಿ."

ನನಗೆ ಸಿಟ್ಟು ಬಂತು. ಮೂರು ವಾರ ಮೊಬೈಲ್ ತಂಬೂರಿ ಹಚ್ಚಿಕೊಂಡು ರಿಯಾಜ್ ಮಾಡಿದೆ. ಅದರ ಶ್ರುತಿ ಏನೋ ಸರಿಯಾಗಿರುತ್ತದೆ, ಆದರೆ ಹೊರಗೆ ಮಳೆ ಸುರಿಯುತ್ತಿದೆ ಅನ್ನೋದು ಅದಕ್ಕೆ ಗೊತ್ತೇ ಆಗುವುದಿಲ್ಲ. ನನ್ನ ತಂಬೂರಿಗೆ ಗೊತ್ತಾಗುತ್ತದೆ. ಪಂಢರಪುರದ ಕಡೆ ಹೊಲದಲ್ಲಿ ಬೆಳೆದ ಬುರುಡೆ, ಅದರ ಬಾಯಿ ಮುಚ್ಚುವ ಮರದ ತಬ್ಲಿ, ತಂತಿಗಳನ್ನು ಹೊರುವ ಮೂಳೆಯ ಕುದುರೆ. ಎಲ್ಲವೂ ಒಂದು ಕಾಲಕ್ಕೆ ಜೀವ ಇದ್ದವೇ ಅಲ್ವಾ?

ಆಗಸ್ಟ್‌ನಲ್ಲಿ ಬಿಸಿಲು ಬಿತ್ತು, ಅವರೇ ಫೋನ್ ಮಾಡಿದರು. ಎದುರಿಗೇ ಕೂತು ನೋಡಿದೆ. ಕುದುರೆಯ ಮೇಲೆ ತಂತಿಗಳು ತಿಂದು ಗೆರೆ ಬಿದ್ದಿದ್ದವು. ಸಣ್ಣ ಅರದಿಂದ ಎರಡು ಸಲ ಉಜ್ಜುತ್ತಾರೆ, ತಂತಿ ಏರಿಸುತ್ತಾರೆ, ಮೀಟುತ್ತಾರೆ, ಕಣ್ಣು ಮುಚ್ಚಿ ಕೇಳುತ್ತಾರೆ, ಮತ್ತೆ ತಂತಿ ಇಳಿಸುತ್ತಾರೆ. ಜವಾರಿ, ಅಂದರೆ ತಂತಿಯ ಝೇಂಕಾರ, ತೆಗೆಯುವುದು ಅಂದರೆ ಇದೇ. ಹೀಗೇ ಎರಡೂವರೆ ತಾಸು. ಕೊನೆಗೆ ತಂತಿಯ ಕೆಳಗೆ ಹತ್ತಿ ದಾರ ಸೇರಿಸಿ ಕೂದಲೆಳೆಯಷ್ಟು ಸರಿಸಿದರು. ಖರಜದ, ಅಂದರೆ ಕೆಳಗಿನ ಷಡ್ಜದ, ಹಿತ್ತಾಳೆ ತಂತಿ ಒಮ್ಮೆಲೇ ಬಾಯಿ ಬಿಟ್ಟಿತು. ದುಂಬಿ ಗುಂಯ್‌ಗುಟ್ಟಿದ ಹಾಗೆ, ಜಾಗಟೆ ಬಾರಿಸಿದ ಮೇಲೆ ಗಾಳಿಯಲ್ಲಿ ಉಳಿಯುವ ದನಿಯ ಹಾಗೆ. ನನ್ನ ಮೈ ಜುಮ್ಮೆಂದಿತು.

ಅವತ್ತೇ ಸಂಜೆ ಮತ್ತೆ ಮೋಡ ಕಟ್ಟಿತು. ಮಳೆಗಾಲದ ರಾಗ ಮಿಯಾ ಮಲ್ಹಾರ್ ಹಿಡಿದೆ. ಕೋಮಲ ನಿಷಾದದಿಂದ ಧೈವತ ಮುಟ್ಟಿ ಶುದ್ಧ ನಿಷಾದಕ್ಕೆ ಏರಿ ಷಡ್ಜಕ್ಕೆ ಬರುವ ಆ ಜಾಗ ಇದೆಯಲ್ಲ, ಮೋಡ ಒಂದರ ಮೇಲೊಂದು ಏರುವ ಹಾಗೆ, ಅಲ್ಲಿ ಎರಡೂ ನಿಷಾದಕ್ಕೆ ತಂಬೂರಿಯೇ ಜಾಗ ಮಾಡಿಕೊಟ್ಟಿತು. ಆ್ಯಪ್ ಹಚ್ಚಿಕೊಂಡಾಗ ಅವನ್ನು ನಾನು ಹುಡುಕಬೇಕಾಗಿತ್ತು.

ಜವಾರಿ, ಹೊಸ ತಂತಿ, ಒಂದು ಬಿರಡೆ ಸೇರಿ 1,400 ರೂಪಾಯಿ. ಹೊಸ ಬಿರಡೆಯ ಬಣ್ಣ ಉಳಿದವುಗಳಿಗೆ ಹೊಂದುವುದಿಲ್ಲ. ರಸೀದಿ ಕೊಡಲಿಲ್ಲ. ಅವಸರ ಇದ್ದವರು ಹೋಗಬೇಡಿ.

ಹೋಗುವುದಾದರೆ ಜೂನ್ ಆರಂಭದ ಮಿರಗದ ಮಳೆಗೆ ಮೊದಲೇ ಹೋಗಿ, ಮರ ಒಣಗಿರುತ್ತದೆ. ತಂಬೂರಿ ಕೊಟ್ಟು ಬರಬೇಡಿ, ಎದುರಿಗೇ ಕೂಡಿ. ಕಪ್ಪು ಚಹಾ ಕೊಡುತ್ತಾರೆ.