ತುಮಕೂರಿನಲ್ಲಿ ಇಟಾಲಿಯನ್ ಊಟಕ್ಕೆ ಹೋಗುವ ಸಸ್ಯಾಹಾರಿಗಳೇ, ಸೂಪ್ ಬಗ್ಗೆ ಮೊದಲೇ ಕೇಳಿ

ಕಳೆದ ಬುಧವಾರ ಅಮ್ಮನನ್ನು ಸಿದ್ಧಗಂಗೆಗೆ ಕರೆದುಕೊಂಡು ಹೋಗಿದ್ದೆ. ದರ್ಶನ ಮುಗಿದಾಗ ಹನ್ನೆರಡೂವರೆ. ಅಮ್ಮ ದಾಸೋಹದ ಕಡೆ ಹೊರಟಿದ್ದಳು, ನಾನೇ ತಡೆದೆ. ಪೇಟೆಯಲ್ಲಿ ಒಂದು ಇಟಾಲಿಯನ್ ರೆಸ್ಟೋರೆಂಟ್ ಇದೆ, ಬೇರೆ ಬೇರೆ ಊರುಗಳಲ್ಲಿ ಬ್ರಾಂಚ್ ಇರುವ ಚೈನ್. ಸೋಮವಾರದಿಂದ ಶುಕ್ರವಾರದವರೆಗೆ ಮಧ್ಯಾಹ್ನ 349 ರೂಪಾಯಿಗೆ ಸೂಪ್, ಪಾಸ್ತಾ, ಜ್ಯೂಸ್ ಅಂತ ಬೋರ್ಡ್ ಹಾಕಿದ್ದರು. ಅಮ್ಮ ಯಾವತ್ತೂ ಪಾಸ್ತಾ ತಿಂದಿರಲಿಲ್ಲ. ತಿನ್ನಿಸಬೇಕು ಅಂತ ನನಗೆ ಆಸೆ.

ಕೂತ ತಕ್ಷಣ ಹೇಳಿದೆ, ನಾವಿಬ್ಬರೂ ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಬೇಡ ಅಂತ. ಹುಡುಗ ತಲೆಯಾಡಿಸಿ ಬರೆದುಕೊಂಡ. ಮೆನುವಿನಲ್ಲಿ ಮಿನೆಸ್ಟ್ರೋನೆ ಸೂಪಿನ ಪಕ್ಕದಲ್ಲಿ ಹಸಿರು ಚುಕ್ಕೆ ಇತ್ತು. ತರಕಾರಿ, ಹುರುಳಿಕಾಯಿ, ಟೊಮೆಟೊ ಹಾಕಿದ ಸೂಪ್ ಅದು. ಅಮ್ಮನಿಗೆ ಇಷ್ಟವಾಯಿತು, ನಮ್ಮ ಸಾರಿನ ಹಾಗೇ ಇದೆ ಅಂತ ಪೂರ್ತಿ ಕುಡಿದಳು.

ಪಾಸ್ತಾ ಬರುವುದಕ್ಕೆ ಮುಕ್ಕಾಲು ಗಂಟೆ ಆಯಿತು. ಬಿಳಿ ಸಾಸ್, ಮೇಲೆ ನಾಲ್ಕು ಕಪ್ಪು ಆಲಿವ್. ಅಮ್ಮನಿಗೆ ಆಲಿವ್ ಹಿಡಿಸಲಿಲ್ಲ, ನಾಲ್ಕನ್ನೂ ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟಳು. ಎರಡು ತುತ್ತು ತಿಂದು, ಮೂರನೆಯದನ್ನು ಜಗಿಯುತ್ತಾ ನಿಲ್ಲಿಸಿಬಿಟ್ಟಳು. ಟಿಶ್ಯೂಗೆ ಉಗುಳಿದಾಗ ನೋಡಿದೆ. ಚಿಕನ್ ಚೂರು.

ಹುಡುಗನನ್ನು ಕರೆದೆ. "ಬೇರೆ ಟೇಬಲ್‌ದು ಬಂದಿರಬೇಕು ಮೇಡಂ, ಬದಲಾಯಿಸಿ ತರ್ತೀನಿ" ಅಂದ. ಐದು ನಿಮಿಷದಲ್ಲಿ ತಟ್ಟೆ ವಾಪಸ್ ಬಂತು. ಬಿಸಿಯಾಗಿತ್ತು, ಚಿಕನ್ ಇರಲಿಲ್ಲ. ಆದರೆ ನಾಲ್ಕು ಆಲಿವ್ ಅಂಚಿನಲ್ಲೇ ಸಾಲಾಗಿ ಕೂತಿದ್ದವು, ಅಮ್ಮ ಇಟ್ಟ ಹಾಗೆಯೇ. ಚೂರುಗಳನ್ನು ಆರಿಸಿ ತೆಗೆದು ಅದೇ ತಟ್ಟೆಯನ್ನು ಬಿಸಿ ಮಾಡಿ ತಂದಿದ್ದರು. ನನಗೆ ಕೈ ನಡುಗಿತು. ತಪ್ಪು ಯಾರಿಂದಲಾದರೂ ಆಗುತ್ತದೆ, ಗಡಿಬಿಡಿಯಲ್ಲಿ ತಟ್ಟೆ ಅದಲುಬದಲಾಗುತ್ತದೆ. ಅದನ್ನು ನಾನು ಕ್ಷಮಿಸುತ್ತಿದ್ದೆ. ಗೊತ್ತಾದ ಮೇಲೂ ಒಬ್ಬ ವಯಸ್ಸಾದ ಹೆಂಗಸಿಗೆ ಅದನ್ನೇ ತಿನ್ನಿಸಲು ಹೊರಟಿದ್ದನ್ನು ಕ್ಷಮಿಸಲು ಆಗುವುದಿಲ್ಲ.

ಮ್ಯಾನೇಜರ್ ಬಂದರು. ಮನಸ್ಸಿನಲ್ಲಿ ಏನೋ ಅನುಮಾನ ಬಂದು ಸೂಪಿನ ಬಗ್ಗೆಯೂ ಕೇಳಿದೆ. "ಸೂಪಲ್ಲಿ ಪೀಸ್ ಇರಲ್ಲ ಮೇಡಂ, ಸ್ಟಾಕ್ ಮಾತ್ರ ಚಿಕನ್‌ದು" ಅಂದರು. ಕೋಳಿ ಮೂಳೆ ಬೇಯಿಸಿದ ನೀರು. ಹಸಿರು ಚುಕ್ಕೆ ಯಾಕೆ ಹಾಕಿದ್ದೀರಿ ಅಂದರೆ, ಮೆನು ಹೆಡ್ ಆಫೀಸಿನಿಂದ ಬರುತ್ತದೆ ಅನ್ನುವ ಉತ್ತರ.

ಮನೆಗೆ ಬಂದ ಮೇಲೆ ಈ ಅಡುಗೆಗಳ ಬಗ್ಗೆ ಓದಿದೆ. ಇದು ನಮ್ಮವರಿಗೆ ಗೊತ್ತಿರಬೇಕು. ಮಿನೆಸ್ಟ್ರೋನೆ ತರಕಾರಿ ಸೂಪೇ, ಆದರೆ ಎಷ್ಟೋ ಕಡೆ ಮಾಂಸದ ಸ್ಟಾಕಿನಲ್ಲಿ ಮಾಡುತ್ತಾರೆ. ರಿಸೊಟ್ಟೊ ಅನ್ನವನ್ನೂ ಹಾಗೇ ಬೇಯಿಸುತ್ತಾರೆ. ಸೀಸರ್ ಸಲಾಡ್ ನೋಡಲು ಬರೀ ಸೊಪ್ಪು, ಅದರ ಡ್ರೆಸ್ಸಿಂಗಿನಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನು ಇರುತ್ತದೆ. ಇಟಲಿಯ ಅಸಲಿ ಪಾರ್ಮೆಸಾನ್ ಚೀಸ್ ಮಾಡಲು ಹಾಲು ಒಡೆಯುವುದು ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್‌ನಿಂದ. ಪ್ರಾಣಿ ಮೂಲದ್ದಲ್ಲದ ರೆನ್ನೆಟ್ ಹಾಕಿದ ಚೀಸ್ ಕೂಡ ನಮ್ಮಲ್ಲಿ ಸಿಗುತ್ತದೆ, ಯಾವುದು ಅಂತ ಕೇಳಲೇಬೇಕು. ಹಾಗಾಗಿ ಬರೀ "ವೆಜ್ಜಾ?" ಅಂತ ಕೇಳಿದರೆ ಸಾಲದು. ಸ್ಟಾಕ್ ಯಾವುದು, ಚೀಸ್ ಯಾವುದು, ಬಾಣಲೆ ಬೇರೆಯಾ ಅಂತ ಒಂದೊಂದಾಗಿ ಕೇಳಿ. ಸರಿಯಾದ ಉತ್ತರ ಬರದಿದ್ದರೆ ಎದ್ದು ಬನ್ನಿ.

ಹತ್ತು ಅಥವಾ ಅದಕ್ಕಿಂತ ಜಾಸ್ತಿ ಕಡೆ ಬ್ರಾಂಚ್ ಇರುವವರು ಮೆನುವಿನಲ್ಲಿ ಕ್ಯಾಲೊರಿ ಹಾಕಬೇಕು, ಸಸ್ಯಾಹಾರ ಮಾಂಸಾಹಾರದ ಗುರುತನ್ನೂ ತೋರಿಸಬೇಕು. ಗುರುತು ಸುಳ್ಳಾದರೆ ನಮ್ಮಂಥವರು ನಂಬುವುದು ಏನನ್ನು?

ಬಿಲ್ಲಿನ ಕಥೆ ಚಿಕ್ಕದು. ಎರಡು ಊಟಕ್ಕೆ 698. ಅದಕ್ಕೆ ಹತ್ತು ಪರ್ಸೆಂಟ್ ಸರ್ವೀಸ್ ಚಾರ್ಜ್, ಮೇಲೆ ಐದು ಪರ್ಸೆಂಟ್ ಜಿಎಸ್‌ಟಿ ಸೇರಿಸಿ 806 ರೂಪಾಯಿ. ಇಷ್ಟೆಲ್ಲಾ ಆದ ಮೇಲೂ! ಸರ್ವೀಸ್ ಚಾರ್ಜನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಅದನ್ನು ಹೇಳಿದ ಮೇಲೆ ತೆಗೆದರು. ಉಳಿದ 733 ನಾನು ಕೊಟ್ಟೆ. ಕೊಡಬಾರದಿತ್ತು ಅಂತ ಈಗ ಅನ್ನಿಸುತ್ತದೆ, ಆದರೆ ಅಮ್ಮ ಆಗಲೇ ಬಾಗಿಲ ಹತ್ತಿರ ಹೋಗಿ ನಿಂತಿದ್ದಳು.

ನೀವು ಯಾರಾದರೂ ಹೀಗೆ ಸಿಕ್ಕಿಹಾಕಿಕೊಂಡರೆ ತಟ್ಟೆ ಕೊಟ್ಟುಬಿಡುವ ಮೊದಲು ಫೋಟೊ ತೆಗೆಯಿರಿ. ಮೆನುವಿನ ಚುಕ್ಕೆಯನ್ನೂ ತೆಗೆಯಿರಿ. ನಾನು ಮೊದಲ ತಟ್ಟೆಯ ಫೋಟೊ ತೆಗೆಯದೆ ತಪ್ಪು ಮಾಡಿದೆ. ಬಿಲ್ ಬಿಡಬೇಡಿ, ಅದರಲ್ಲಿ 14 ಅಂಕಿಯ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಂಬರ್ ಇರಬೇಕು, ದೂರು ಕೊಡುವಾಗ ಅದು ಬೇಕಾಗುತ್ತದೆ. ಗ್ರಾಹಕ ಸಹಾಯವಾಣಿ 1915. ನಾನು ಅಲ್ಲಿಗೂ ಹೇಳಿದ್ದೇನೆ, ಆಹಾರ ಸುರಕ್ಷತಾ ಅಧಿಕಾರಿಗೂ ಬರೆದುಕೊಟ್ಟಿದ್ದೇನೆ.

ಅಮ್ಮ ನನ್ನನ್ನು ಬೈಯಲಿಲ್ಲ. ಬಸ್ಸಿನಲ್ಲಿ ಕ್ಯಾತ್ಸಂದ್ರ ದಾಟುವಾಗ ಮಠದ ಕಡೆ ತಿರುಗಿ ಕೈಮುಗಿದಳು. ಮನೆಗೆ ಬಂದು ತಲೆಗೆ ಸ್ನಾನ ಮಾಡಿದಳು. ರಾತ್ರಿ ಊಟಕ್ಕೆ ಕರೆದರೆ ಹಸಿವಿಲ್ಲ ಅಂದಳು.