ಏಳು ತಿಂಗಳು ಕೈಯಲ್ಲಿದ್ದ ಸ್ಟಾಪ್‌ವಾಚ್: ಓಟಗಾರನಾಗಿ ತಗೊಂಡೆ, ಕೋಚ್ ಆಗಿ ಬರೆಯುತ್ತಿದ್ದೇನೆ

ನನಗೆ 33. ಪಿಯುಸಿಯಿಂದ 100 ಮೀಟರ್ ಓಡುತ್ತಿದ್ದೇನೆ. ಅಲ್ಲ, ಓಡುತ್ತಿದ್ದೆ. ಎರಡು ವರ್ಷದಿಂದ ಮೈಸೂರಿನ ಓವಲ್ ಮೈದಾನದಲ್ಲಿ ಬೆಳಿಗ್ಗೆ ನನ್ನ ಪ್ರಾಕ್ಟೀಸ್ ಜೊತೆಗೇ ಎಂಟು ಮಕ್ಕಳನ್ನೂ ಓಡಿಸುತ್ತೇನೆ. ಅವರ ಟೈಮಿಂಗ್ ನೋಡೋದಕ್ಕೆ ಅಂತ 1,200 ರೂಪಾಯಿ ಕೊಟ್ಟು ಇದನ್ನು ತಗೊಂಡೆ. ಅಲ್ಲಿವರೆಗೆ ಮೊಬೈಲೇ ಗತಿ. ಬೆವರಿದ ಬೆರಳಿಗೆ ಆ ಗಾಜು ಬಗ್ಗೋದಿಲ್ಲ, ಒತ್ತಿದ್ದು ಗೊತ್ತೇ ಆಗಲ್ಲ, ಇನ್ನು ಓಟದ ಮಧ್ಯೆ ಮನೆಯಿಂದ ಫೋನ್ ಬಂದರೆ ಮುಗಿಯಿತು.

ಕಂಪನಿ ಹೆಸರು ಬೇಡ, ಏಕೆಂದರೆ ಬೈಯೋದೂ ಇದೆ.

ಮೊದಲು ಒಳ್ಳೆಯದು. ಬಟನ್ ಗಟ್ಟಿ. ಒತ್ತಿದಾಗ ಟಕ್ ಅಂತ ಬೆರಳಿಗೆ ತಿಳಿಯುತ್ತದೆ. ಅಂಕಿ ದೊಡ್ಡವು, ಬಿಸಿಲಿನಲ್ಲೂ ಕಾಣುತ್ತವೆ. 60 ಲ್ಯಾಪ್, ಅಂದರೆ ಓಟದ ಮಧ್ಯೆ ಒತ್ತಿ ಹಿಡಿದ 60 ಟೈಮ್, ನೆನಪಿಟ್ಟುಕೊಳ್ಳುತ್ತದೆ, ಎಂಟು ಮಕ್ಕಳಿಗೆ ಧಾರಾಳ ಸಾಕು. ಇನ್ನು ಕೆಟ್ಟದ್ದು. ನಾಲ್ಕನೇ ತಿಂಗಳಿಂದ ಲ್ಯಾಪ್ ಬಟನ್ ಒಮ್ಮೆ ಒತ್ತಿದರೆ ಎರಡು ಸಲ ಎಣಿಸುತ್ತದೆ. ಒಂದು ಹುಡುಗಿ 0.09 ಸೆಕೆಂಡಿನಲ್ಲಿ 50 ಮೀಟರ್ ಓಡಿದಳು ಅಂತ ತೋರಿಸಿತು, ಎಲ್ಲರೂ ಬಿದ್ದು ಬಿದ್ದು ನಕ್ಕೆವು. ವಾರಂಟಿ ಕೇಳಿದರೆ ಅಂಗಡಿಯವರು ಕಂಪನಿಗೆ ಬರೆಯಿರಿ ಅಂದರು, ಕಂಪನಿಯವರು ಅಂಗಡಿಗೆ ಹೋಗಿ ಅಂದರು. ಲೈಟ್ ಬೇರೆ ಇಲ್ಲ, ಡಿಸೆಂಬರಿನ ಆರು ಗಂಟೆ ಕತ್ತಲಲ್ಲಿ ಏನೂ ಕಾಣಲ್ಲ.

ಹೊಸದಾಗಿ ತಗೊಳ್ಳುವವರಿಗೆ ಒಂದು ಮಾತು. ಸದ್ದು ಕೇಳಿ ಒತ್ತಬೇಡಿ. ಓಟ ಶುರು ಮಾಡಿಸುವ ಗನ್ನಿನ ಸದ್ದು 100 ಮೀಟರ್ ಆಚೆ ನಿಂತವರ ಕಿವಿಗೆ ಬರೋದಕ್ಕೆ ಸುಮಾರು 0.3 ಸೆಕೆಂಡ್ ಬೇಕು, ಅಷ್ಟೂ ಓಡುವವನಿಗೆ ಪುಕ್ಕಟೆ ಲಾಭ. ಮೀಟ್‌ಗಳಲ್ಲಿ, ಅಂದರೆ ಸ್ಪರ್ಧೆಗಳಲ್ಲಿ, ಟೈಮ್‌ಕೀಪರ್‌ಗಳು ಗನ್ನಿನ ಹೊಗೆ ಅಥವಾ ಮಿಂಚು ನೋಡಿ ಒತ್ತುತ್ತಾರೆ. ನಮ್ಮ ಹತ್ತಿರ ಗನ್ ಎಲ್ಲಿಂದ ಬರಬೇಕು, ಎರಡು ಮರದ ಹಲಗೆ ಒಂದಕ್ಕೊಂದು ಬಡಿಯುತ್ತೇವೆ, ಹಲಗೆ ಸೇರೋದನ್ನು ಕಣ್ಣಲ್ಲಿ ನೋಡಿ ಒತ್ತಬೇಕು. ಕೊನೆಯಲ್ಲಿ ಗೆರೆಯ ನೇರಕ್ಕೇ ನಿಲ್ಲಿ, ತಲೆ ಕಾಲು ಬಿಟ್ಟು ಎದೆ ನೋಡಿ. ಬಂದ ಅಂಕಿಯನ್ನು ಮುಂದಿನ ಹತ್ತನೇ ಒಂದಂಶಕ್ಕೆ ಏರಿಸಿ ಬರೆಯೋದು ನಿಯಮ. 11.32 ಬಂದರೆ 11.4, 11.3 ಅಲ್ಲ. ಅದನ್ನು ಎಲೆಕ್ಟ್ರಾನಿಕ್ ಟೈಮಿಂಗ್ ಜೊತೆ ಹೋಲಿಸಬೇಕಾದರೆ 100 ಮೀಟರಿಗೆ ಇನ್ನೂ 0.24 ಸೇರಿಸುತ್ತಾರೆ.

ಈ 0.24ರ ಲೆಕ್ಕ ನನಗೆ ಮೊದಲಿನಿಂದಲೂ ಗೊತ್ತಿತ್ತು. ಆದರೆ ಗೆಳೆಯ ಮೊಬೈಲಿನಲ್ಲಿ ಒತ್ತಿ 11.0 ಅಂದಿದ್ದನ್ನು ಐದು ವರ್ಷ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಎಲೆಕ್ಟ್ರಾನಿಕ್ ಇದ್ದ ಒಂದು ಮೀಟ್‌ನಲ್ಲಿ 11.46 ಬಂತು. 0.24 ಕೈ ಟೈಮಿಂಗಿನ ದೋಷ. ಮಿಕ್ಕ 0.22 ಗೆಳೆತನ. ವಾಚ್ ನನ್ನ ಕೈಗೆ ಬಂದು, ಮಕ್ಕಳಿಗೆ ದಾಕ್ಷಿಣ್ಯ ಇಲ್ಲದೆ ಒತ್ತೋದಕ್ಕೆ ಶುರು ಮಾಡಿದ ಮೇಲೇ ಇದು ಸರಿಯಾಗಿ ಅರ್ಥವಾಯಿತು. ಆಮೇಲೆ ಅವರಲ್ಲೇ ಒಬ್ಬ ಹುಡುಗನ ಕೈಗೆ ವಾಚ್ ಕೊಟ್ಟು ನಾನೇ ಫ್ಲೈಯಿಂಗ್ 30 ಓಡಿದೆ. ಅಂದರೆ ಮೊದಲೇ ಓಡಿ ವೇಗ ಹಿಡಿದು, ನಡುವಿನ 30 ಮೀಟರ್ ಮಾತ್ರ ಅಳೆಯೋದು. ಸರಿಯಾಗಿ 3 ಸೆಕೆಂಡ್ ಬಂದರೆ ಸೆಕೆಂಡಿಗೆ 10 ಮೀಟರ್. ನನಗೆ 3.24. ಇನ್ನೊಂದು ಸಲ ಓಡಿದೆ, 3.27. ಆ ಹುಡುಗನಿಗೆ ಇನ್ನೂ ಸುಳ್ಳು ಒತ್ತೋದು ಬರಲ್ಲ ನೋಡಿ.

ಆದರೂ ಅಂಕಿ ನೋಡಿ ಸ್ಪರ್ಧೆ ಓಡೋದು ಬಿಟ್ಟೆ ಅಂದರೆ ಸುಳ್ಳಾಗುತ್ತದೆ. ವಯಸ್ಸಿನ ನೆಪವೂ ನಡೆಯಲ್ಲ, ಸೇಂಟ್ ಕಿಟ್ಸ್‌ನ ಓಟಗಾರ ಕಿಮ್ ಕಾಲಿನ್ಸ್ 2016ರಲ್ಲಿ 40 ತುಂಬಿದ ಮೇಲೆ 100 ಮೀಟರನ್ನು 9.93ಕ್ಕೆ ಓಡಿದ್ದಾರೆ. ನಾನು ಬಿಟ್ಟಿದ್ದು ಒಂದು ಜಿಲ್ಲಾ ಮಟ್ಟದ ಮೀಟ್‌ನ ದಿನ. ನನ್ನ ಹೀಟ್ಸ್ (ಮೊದಲ ಸುತ್ತು) ಕರೆದರು ಅಂತ ಸ್ಪೈಕ್ಸ್, ಅಂದರೆ ಮೊಳೆ ಶೂ, ಹಾಕಿಕೊಂಡು ಕೂತಿದ್ದೆ, ವಾಚ್ ಬ್ಯಾಗಿನಲ್ಲಿತ್ತು, ಅದೇ ಹೊತ್ತಿಗೆ ನಮ್ಮ ಹುಡುಗಿಯೊಬ್ಬಳ 200 ಮೀಟರ್ ಶುರುವಾಗಿ ಮುಗಿದೂ ಹೋಯಿತು. ಏದುಸಿರು ಬಿಡುತ್ತಾ ಬಂದು "ಸಾರ್, ತಿರುವಿನಲ್ಲಿ ಹೇಗಿತ್ತು?" ಅಂದಳು. ನಾನು ನೋಡಿಯೇ ಇರಲಿಲ್ಲ. ಚೆನ್ನಾಗಿತ್ತು ಕಣಮ್ಮ ಅಂದೆ. ಅವಳಿಗೆ ಗೊತ್ತಾಯಿತು. ನಾನು ಹೋಗಿ ಓಡಿದೆ, ಆರನೆಯವನಾಗಿ ಬಂದೆ, ಓಡುವಾಗಲೂ ತಲೆಯಲ್ಲಿ ಅದೇ ತಿರುವು.

ಪಿ.ಟಿ. ಉಷಾ 1984ರಲ್ಲಿ ಲಾಸ್ ಏಂಜಲೀಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಕಂಚನ್ನು ಕಳೆದುಕೊಂಡಿದ್ದು 0.01 ಸೆಕೆಂಡಿನಲ್ಲಿ, 55.42ಕ್ಕೆ ಎದುರು 55.41. ಅವರು 2000ದಲ್ಲಿ ಓಟ ಬಿಟ್ಟರು, 2002ರಲ್ಲಿ ಕೇರಳದಲ್ಲಿ ಓಟದ ತರಬೇತಿ ಶಾಲೆ ಶುರು ಮಾಡಿದರು, 800 ಮೀಟರ್ ಓಟಗಾರ್ತಿ ಟಿಂಟು ಲೂಕಾ ಅಲ್ಲಿಂದಲೇ ಬಂದಿದ್ದು. ಅವರೆಲ್ಲಿ ನಾನೆಲ್ಲಿ, ಹೋಲಿಕೆ ಅಲ್ಲ. ನಮ್ಮ ಹೆಬ್ಬೆರಳಿಗೆ ಆ 0.01 ಸಿಗೋದೇ ಇಲ್ಲ ಅಂತ ಹೇಳೋದಕ್ಕೆ ಬಂದೆ. ವಾಚಿನಲ್ಲಿ ಎರಡು ದಶಮಾಂಶ ಕಾಣುತ್ತದೆ ಅಂತ ಅದನ್ನು ನಂಬಬೇಡಿ.

35 ಆದಮೇಲೆ ಮಾಸ್ಟರ್ಸ್, ಅಂದರೆ ವಯಸ್ಸಾದವರ ಸ್ಪರ್ಧೆ, ಇದೆ, ಬಾ ಅಂತ ಗೆಳೆಯ ಈಗಲೇ ಕರೆಯುತ್ತಿದ್ದಾನೆ. ಮಕ್ಕಳ ಮೀಟ್ ಇಲ್ಲದ ದಿನ ಇದ್ದರೆ ನೋಡೋಣ ಅಂದಿದ್ದೇನೆ. ಟೈಮ್ ಮಾತ್ರ ಅವನು ಒತ್ತೋದು ಬೇಡ.

ಐದಕ್ಕೆ ಮೂರು ಸ್ಟಾರ್. ಇಬ್ಬರು ಮೂವರನ್ನು ಓಡಿಸುವವರಿಗೆ ಸಾಕು, ಜಾಸ್ತಿ ಮಕ್ಕಳಿದ್ದರೆ ಲೈಟ್ ಇರುವುದನ್ನು ಸ್ವಲ್ಪ ದುಡ್ಡು ಹೆಚ್ಚಾದರೂ ತಗೊಳ್ಳಿ. ಜೊತೆಗೆ ಬರುವ ಕಪ್ಪು ದಾರವನ್ನು ಮೊದಲ ದಿನವೇ ಬದಲಿಸಿ. ಬೆವರಿಗೆ ಬಣ್ಣ ಬಿಡುತ್ತದೆ, ನನ್ನ ಎರಡು ಬಿಳಿ ಟೀ ಶರ್ಟ್ ಹೋದವು.